ಮಾಯಾ ಪಾತ್ರೆ ಮೇಲಿನ ಚಿತ್ರ ದೇವ್ರಿಗಾ, ನೆಂಟರಿಗಾ?

ಪ್ರಶ್ನೆ: ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಅಲ್ಲೊಂದು ಮ್ಯೂಸಿಯಮ್‌ನಲ್ಲಿ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಮಣ್ಣಿನ ಪಾತ್ರೆಗಳನ್ನ ನೋಡ್ದೆ. ಒಂದ್ರ ಮೇಲೆ ಕುಣಿಯೋ ಅಸ್ಥಿಪಂಜರ, ಇನ್ನೊಂದ್ರ ಮೇಲೆ ಹೊಟ್ಟೆ ಮುಂದೆ ಬಂದಿರೋ ರಾಜ, ಬಾಯಿ ಅಂಚಲ್ಲಿ ಸುತ್ತಲೂ ಏನೋ ಲಿಪಿ. ಗೈಡ್ ಎಲ್ಲಾದಕ್ಕೂ "ದೇವರು, ಬಲಿ, ಪಾತಾಳ" ಅಂತ ಹೇಳಿ ಮುಂದೆ ಹೋದ್ರು. ನಿಜಕ್ಕೂ ಅಷ್ಟೇನಾ? ಆ ಕಾಲದ ಜನರ ನಡುವೆ ಈ ಚಿತ್ರಗಳಿಗೆ ಏನು ಅರ್ಥ ಇತ್ತು? ಸಾಮಾನ್ಯ ಜನಕ್ಕೆ ಇದು ಗೊತ್ತಾಗ್ತಿತ್ತಾ?

ಉತ್ತರ: ಗೈಡ್ ಹೇಳಿದ್ದು ಸುಳ್ಳಲ್ಲ, ಅರ್ಧಕ್ಕೆ ನಿಲ್ಸಿದ್ದಾರೆ ಅಷ್ಟೇ. ದೇವರೂ ಇದಾರೆ, ಪಾತಾಳನೂ ಇದೆ, ತಲೆ ಕಡಿಯೋ ಸೀನೂ ಇದೆ. ಆದ್ರೆ ನೀವು ನೋಡಿದ ಆ ಉದ್ದನೆ ಪಾತ್ರೆ ಮೊದಲನೇದಾಗಿ ಒಂದು ಲೋಟ. ಯಾರೋ ಅದ್ರಲ್ಲಿ ಕುಡೀತಿದ್ರು, ಯಾರೋ ಅದನ್ನ ಯಾರಿಗೋ ಕೊಟ್ಟಿದ್ರು, ಊಟಕ್ಕೆ ಬಂದವರ ಮುಂದೆ ಅದನ್ನ ಇಡ್ತಿದ್ರು, ಅಂಥ ಲೋಟದ ಮೇಲೆ ದೇವರ ಚಿತ್ರ ಬಂತು. ಈ ಆರ್ಡರ್ ಬಿಟ್ಟು ನೇರ ಪಾತಾಳಕ್ಕೆ ಇಳಿದ್ರೆ ಚಿತ್ರ ಅರ್ಥ ಆದ ಹಾಗೆ ಅನ್ಸುತ್ತೆ, ಆದ್ರೆ ಮನುಷ್ಯರು ಕೈಬಿಟ್ಟು ಹೋಗ್ತಾರೆ. ನನ್ನ ಪ್ರಕಾರ ಈ ಚಿತ್ರಗಳ ಅರ್ಥ ಅರ್ಧ ಮಣ್ಣಿನ ಮೇಲೆ ಇದೆ, ಇನ್ನರ್ಧ ಆ ಪಾತ್ರೆ ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದ್ರಲ್ಲಿದೆ. ಅದನ್ನೇ ಸ್ವಲ್ಪ ವಿವರವಾಗಿ ಹೇಳ್ತೀನಿ, ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಮೊದಲು ಆ ಅಂಚಿನ ಲಿಪಿ ವಿಷ್ಯ. 1971ರಲ್ಲಿ ನ್ಯೂಯಾರ್ಕಿನ ಗ್ರೋಲಿಯರ್ ಕ್ಲಬ್‌ನಲ್ಲಿ ಮಾಯಾ ಬರವಣಿಗೆ ಬಗ್ಗೆ ಒಂದು ಪ್ರದರ್ಶನ ಆಯ್ತು, ಅದನ್ನ ಮಾಡಿದ್ದು ಮೈಕಲ್ ಕೋ ಅನ್ನೋ ಪುರಾತತ್ವ ವಿದ್ವಾಂಸರು. 1973ರಲ್ಲಿ ಅದರ ಕ್ಯಾಟಲಾಗ್ ಬಂತು. ಅಲ್ಲಿ ಅವರು ಒಂದು ವಿಷ್ಯ ತೋರ್ಸಿದ್ರು: ಬೇರೆ ಬೇರೆ ಪಾತ್ರೆಗಳ ಅಂಚಲ್ಲಿ ಅದೇ ಚಿಹ್ನೆಗಳು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರ್ತಿವೆ. ಅದಕ್ಕಿಂತ ಮುಂಚೆ ಬಹಳಷ್ಟು ಜನ ಈ ಬರಹನ ಓದು ಬರಹ ಬರದ ಚಿತ್ರಗಾರರು ಅಂದಕ್ಕೆ ಹಾಕಿದ ಅಲಂಕಾರ ಅಂತ ತಳ್ಳಿ ಹಾಕ್ತಿದ್ರು. ಕೋ ಅವರು ಇಲ್ಲ, ಇದು ಪಕ್ಕಾ ಪಠ್ಯ ಅಂದ್ರು. ಆದ್ರೆ ಇದು ಸತ್ತವರಿಗೆ ಹೇಳೋ ಮಂತ್ರ ಇರ್ಬೇಕು ಅಂತ ಅವರ ಊಹೆ. ಆಗ ಅದು ಸಹಜನೇ, ಪಾತ್ರೆಗಳು ಸಿಗ್ತಿದ್ದದ್ದು ಸಮಾಧಿಯಲ್ಲಿ, ಚಿತ್ರದಲ್ಲಿ ಅಸ್ಥಿಪಂಜರ, ಬೇರೆ ಏನು ಅನ್ಕೋಬೇಕು.

1980ರ ದಶಕದಲ್ಲಿ ಡೇವಿಡ್ ಸ್ಟುವರ್ಟ್, ಸ್ಟೀಫನ್ ಹ್ಯೂಸ್ಟನ್, ಕಾರ್ಲ್ ಟಾಬೆ, ನಿಕೊಲಾಯ್ ಗ್ರೂಬೆ, ಬಾರ್ಬರಾ ಮ್ಯಾಕ್ಲಿಯಡ್ ಇವರೆಲ್ಲ ಒಂದೊಂದೇ ಚಿಹ್ನೆ ಬಿಡಿಸ್ತಾ ಹೋದಾಗ ಮಂತ್ರ ಏನೂ ಹೊರಗೆ ಬರ್ಲಿಲ್ಲ. ಬಂದಿದ್ದು ಏನು ಅಂದ್ರೆ, "ಇದನ್ನ ಅರ್ಪಣೆ ಮಾಡಲಾಯ್ತು, ಇದರ ಬರಹ, ಇಂಥವರ ಕುಡಿಯೋ ಪಾತ್ರೆ, ಕಾಕಾವ್‌ಗೆ." ಅಷ್ಟೇ! ಯುಕಿಬ್ ಅಂದ್ರೆ ಅವನ ಕುಡಿಯೋ ಸಾಧನ, ಲಕ್ ಅಂದ್ರೆ ತಟ್ಟೆ, ಉಲ್ ಅಂದ್ರೆ ಜೋಳದ (ಮುಸುಕಿನ ಜೋಳದ) ಗಂಜಿ, ಕಾಕಾವ್ ಅಂದ್ರೆ ನಮಗೆ ಗೊತ್ತಿರೋ ಕೊಕ್ಕೋ. ಕೊನೆಗೆ ಯಜಮಾನನ ಹೆಸರು, ಬಿರುದು. ನಮ್ಮಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ ಕೊಡೋ ಸ್ಟೀಲ್ ಪಾತ್ರೆ ಮೇಲೆ ಹೆಸರು, ತಾರೀಖು ಕೆತ್ತಿಸ್ತೀವಲ್ಲ, ಓದಿದ ತಕ್ಷಣ ನನಗೆ ನೆನಪಾಗಿದ್ದು ಅದೇ. ಹೆಸರು ಇರೋದು ಕಳ್ತನ ಆಗ್ದೇ ಇರ್ಲಿ ಅಂತ ಮಾತ್ರ ಅಲ್ಲ, ಮುಂದೆ ಯಾರಾದ್ರೂ ಆ ಪಾತ್ರೆ ಕೈಗೆ ತಗೊಂಡಾಗ ಕೊಟ್ಟವರು ನೆನಪಾಗ್ಲಿ ಅಂತ.

ಇದು ಬರೀ ಓದುವಿಕೆಯ ಲೆಕ್ಕಾಚಾರ ಅಂತ ಅನ್ಸಿದ್ರೆ ರಿಯೋ ಅಸುಲ್ ಪಾತ್ರೆ ಬಗ್ಗೆ ಹೇಳ್ಬೇಕು. ಗ್ವಾಟೆಮಾಲಾದ ಈಶಾನ್ಯ ಮೂಲೆಯಲ್ಲಿ ರಿಯೋ ಅಸುಲ್ ಅನ್ನೋ ಊರಿದೆ, ಕಳ್ಳರು ಅಲ್ಲಿನ ಎಷ್ಟೋ ಸಮಾಧಿಗಳನ್ನ ಲೂಟಿ ಮಾಡಿ ಹಾಳು ಮಾಡಿದ್ರು, ಆದ್ರೆ 19ನೇ ನಂಬರ್ ಸಮಾಧಿ ಮುಟ್ಟದೇ ಉಳಿದಿತ್ತು. 1984ರಲ್ಲಿ ರಿಚರ್ಡ್ ಆಡಮ್ಸ್ ತಂಡ ಅದನ್ನ ತೆಗೆದಾಗ ತಿರುಗಿಸಿ ಲಾಕ್ ಮಾಡೋ ಮುಚ್ಚಳ, ಮೇಲೆ ಹಿಡಿ ಇರೋ ಒಂದು ಪಾತ್ರೆ ಸಿಕ್ತು, 5ನೇ ಶತಮಾನದ್ದು. ಅದರ ಮೇಲಿನ ಬರಹದಲ್ಲಿ ಕಾಕಾವ್ ಅನ್ನೋ ಪದ ಇದೆ ಅಂತ ಸ್ಟುವರ್ಟ್ ಓದಿದ್ರು. ಒಳಗೆ ಅಂಟಿಕೊಂಡಿದ್ದ ಪುಡಿನ ಹರ್ಷೀಸ್ ಚಾಕ್ಲೇಟ್ ಕಂಪನಿ ಲ್ಯಾಬಿಗೆ ಕಳ್ಸಿದ್ರು, ಕೊಕ್ಕೋದಲ್ಲಿರೋ ಥಿಯೋಬ್ರೊಮಿನ್ ಮತ್ತು ಕೆಫೀನ್ ಎರಡೂ ಸಿಕ್ಕವು, 1990ರಲ್ಲಿ ಅದು ಪ್ರಕಟ ಆಯ್ತು. ಹೊರಗೆ ಏನು ಬರೆದಿತ್ತೋ ಒಳಗೆ ಅದೇ ಇತ್ತು! 1,500 ವರ್ಷ ಹಳೇ ಪಾತ್ರೆಯ ಲೇಬಲ್ ನಿಜ ಅಂತ ಕೆಮಿಸ್ಟ್ರಿ ಹೇಳಿದ್ದು ಇದು, ಇದನ್ನ ಓದಿದಾಗೆಲ್ಲಾ ನನಗೆ ಮೈ ಜುಮ್ ಅನ್ಸುತ್ತೆ.

ಇವತ್ತು ಪುತ್ತೂರು, ಸುಳ್ಯ ಕಡೆ ಅಡಿಕೆ ತೋಟದೊಳಗೆ ನೆರಳಲ್ಲಿ ಬೆಳೆಯೋ ಕೊಕ್ಕೋ ಗಿಡ ಇದೆಯಲ್ಲ, ಅದೇ ಜಾತಿ. ಆದ್ರೆ ಅವರು ಅದನ್ನ ಸಿಹಿ ತಿಂಡಿ ಮಾಡ್ತಿರ್ಲಿಲ್ಲ, ಬೀಜ ಹುದುಗಿಸಿ, ಒಣಗಿಸಿ, ಹುರಿದು, ಅರೆದು, ನೀರಲ್ಲಿ ಕಲಸಿ, ಕೆಲವೊಮ್ಮೆ ಮೆಣಸಿನಕಾಯಿ ಹಾಕಿ, ಕಹಿ ಖಾರ ಪಾನೀಯ ಮಾಡಿ ಕುಡೀತಿದ್ರು. ನೊರೆ ಬರ್ಬೇಕು, ನೊರೆನೇ ಅದರ ಮರ್ಯಾದೆ. ಪ್ರಿನ್ಸ್‌ಟನ್ ಯೂನಿವರ್ಸಿಟಿ ಮ್ಯೂಸಿಯಮ್‌ನಲ್ಲಿ ಒಂದು ಲೋಟ ಇದೆ, ಅದರಲ್ಲಿ ಪಾತಾಳದ ಮುದುಕ ದೇವರು ಸಿಂಹಾಸನದಲ್ಲಿ ಕೂತಿದ್ದಾನೆ, ಸುತ್ತ ಹೆಂಗಸರು, ಕೆಳಗೆ ಒಂದು ಮೊಲ ಕೂತು ಪುಸ್ತಕದಲ್ಲಿ ಬರೀತಿದೆ, ಒಂದು ಕಡೆ ಮುಖವಾಡದ ಇಬ್ರು ಒಬ್ಬನ ತಲೆ ಕಡೀತಿದ್ದಾರೆ, ಇಷ್ಟೆಲ್ಲಾ ನಡೀತಿರುವಾಗ ಪಕ್ಕದಲ್ಲಿ ಒಬ್ಬಳು ನಿಂತು ಮೇಲಿನ ಪಾತ್ರೆಯಿಂದ ಕೆಳಗಿನ ಪಾತ್ರೆಗೆ ಧಾರೆಯಾಗಿ ಹೊಯ್ತಾ ನೊರೆ ಬರ್ಸ್ತಿದ್ದಾಳೆ. ನಮ್ಮಲ್ಲಿ ಕಾಫಿನ ಎತ್ತಿ ಹೊಯ್ಯೋ ಕೈ ಹೇಗಿರುತ್ತೋ ಹಾಗೇ. ಅಂದ್ರೆ ದೇವರ ಆಸ್ಥಾನನ ಬರೆಯುವಾಗಲೂ ಅವರ ಕಣ್ಣಲ್ಲಿ ಇದ್ದಿದ್ದು ತಮ್ಮ ರಾಜನ ಮನೆಯ ಪಡಸಾಲೆನೇ: ಯಾರು ಮೇಲೆ ಕೂತಿದ್ದಾರೆ, ಯಾರು ಕೆಳಗೆ, ಯಾರು ಬಡಿಸ್ತಿದ್ದಾರೆ, ಯಾರು ಲೆಕ್ಕ ಬರೀತಿದ್ದಾರೆ.

ಕೊಕ್ಕೋ ಬೀಜ ಅಲ್ಲಿ ದುಡ್ಡಿನ ಥರನೂ ಓಡಾಡ್ತಿತ್ತು. ಮೆಕ್ಸಿಕೋದ ಬೊನಾಂಪಾಕ್ ಗೋಡೆ ಚಿತ್ರದಲ್ಲಿ ಸಿಂಹಾಸನದ ಪಕ್ಕ ಒಂದು ಮೂಟೆ ಇದೆ, ಅದರ ಮೇಲೆ "5 ಪಿ ಕಾಕಾವ್" ಅಂತ ಬರೆದಿದೆ, ಒಂದು ಪಿ ಅಂದ್ರೆ 8,000, ಒಟ್ಟು 40,000 ಬೀಜ. ಲೋಟಗಳ ಮೇಲಿನ ಆಸ್ಥಾನದ ಸೀನ್‌ಗಳಲ್ಲೂ ಇಂಥ ಮೂಟೆ, ಬಟ್ಟೆಯ ಕಟ್ಟು, ಹಕ್ಕಿ ಗರಿ, ಚಿಪ್ಪು ಎಲ್ಲಾ ರಾಜನ ಮುಂದೆ ಇಟ್ಟಿರೋದು ಕಾಣುತ್ತೆ. ಈಗ ಯೋಚ್ನೆ ಮಾಡಿ, ಕಪ್ಪ ಕೊಡೋಕೆ ಬಂದ ಒಬ್ಬ ಸಣ್ಣ ಊರಿನ ಯಜಮಾನನ ಕೈಗೆ ರಾಜ ಕೊಕ್ಕೋ ತುಂಬಿದ ಲೋಟ ಕೊಡ್ತಾನೆ, ಲೋಟದ ಮೇಲೆ ಕಪ್ಪ ಕೊಡೋ ಚಿತ್ರನೇ ಇದೆ, ಅವನು ಕುಡೀತಾ ಕುಡೀತಾ ತಿರುಗಿಸಿದ್ರೆ ಸುತ್ತಲೂ ಅದೇ ಕಾಣುತ್ತೆ. ದುಂಡಗಿನ ಪಾತ್ರೆ ಅಲ್ವಾ, ಒಂದೇ ಸಲ ಇಡೀ ಚಿತ್ರ ಕಾಣಲ್ಲ, ಕೈಯಲ್ಲಿ ಹಿಡಿದು ತಿರುಗಿಸ್ಲೇಬೇಕು, ಹಾಗಾಗಿ ಹಿಡಿದವನಿಗೇ ಅದು ಪೂರ್ತಿ ಸಿಗೋದು. ಮ್ಯೂಸಿಯಮ್ ಗಾಜಿನ ಆಚೆಯಿಂದ ಈ ಅನುಭವ ನಮಗೆ ಸಿಗಲ್ಲ. ಜಸ್ಟಿನ್ ಕೆರ್ ಅನ್ನೋ ಫೋಟೋಗ್ರಾಫರ್ 1970ರ ದಶಕದಲ್ಲಿ ಪಾತ್ರೆನ ತಿರುಗಿಸ್ತಾ ಇಡೀ ಸುತ್ತಿನ ಚಿತ್ರನ ಒಂದೇ ಪಟ್ಟಿಯಾಗಿ ತೆಗೆಯೋ ಕ್ಯಾಮೆರಾ ಮಾಡ್ಕೊಂಡ್ರು, ಅವರ ಫೋಟೋ ಇಲ್ಲದೇ ಇದ್ರೆ ಈ ವಿಷ್ಯದಲ್ಲಿ ಅರ್ಧ ಕೆಲಸನೂ ಆಗ್ತಿರ್ಲಿಲ್ಲ. ಆದ್ರೆ ಆ ಪಟ್ಟಿ ನೋಡಿ ನೋಡಿ ನಾವು ಅದನ್ನ ಸಿನಿಮಾ ಪೋಸ್ಟರ್ ಥರ ಓದೋಕೆ ಶುರು ಮಾಡ್ತೀವಿ, ಅದು ಕೈಯಲ್ಲಿ ಹಿಡಿಯೋ ವಸ್ತು ಅನ್ನೋದು ಮರ್ತೇ ಹೋಗುತ್ತೆ.

ಕೊಟ್ಟಿದ್ದು ತಗೊಂಡಿದ್ದು ಅಂತ ಹೇಳ್ತಿದ್ದೀನಲ್ಲ, ಪುರಾವೆ ಏನು ಅಂತ ಕೇಳ್ಬಹುದು. ಎಲ್ಲಕ್ಕಿಂತ ಗಟ್ಟಿ ಉದಾಹರಣೆ ಬೆಲೀಜ್ ದೇಶದ ಬ್ವೆನಾವಿಸ್ತಾದಲ್ಲಿ 1988ರಲ್ಲಿ ಸಿಕ್ಕ ಪಾತ್ರೆ, ಜಾನ್ಸಿ ವಾಸ್ ಅಂತ ಕರೀತಾರೆ, ಜೆನಿಫರ್ ಟಾಶೆಕ್ ಮತ್ತು ಜೋಸೆಫ್ ಬಾಲ್ ತೆಗೆದದ್ದು. ಅದು ಸಿಕ್ಕಿದ್ದು ಒಬ್ಬ ಹರೆಯದ ಹುಡುಗನ ಸಮಾಧಿಯಲ್ಲಿ. ಆದ್ರೆ ಅಂಚಲ್ಲಿ ಇರೋ ಹೆಸರು ಆ ಹುಡುಗನದ್ದಲ್ಲ, ಒಂದು ದಿನದ ನಡಿಗೆಯೊಳಗೆ ಇರೋ ನರಾನ್ಹೋ ಅನ್ನೋ ದೊಡ್ಡ ಊರಿನ ರಾಜ ಕಾಕ್ ತಿಲಿವ್ ಚಾನ್ ಚಾಕ್‌ದು. ಈ ರಾಜನ ಕಥೆ ಗೊತ್ತಾದ್ರೆ ಲೋಟದ ತೂಕ ಗೊತ್ತಾಗುತ್ತೆ. ಯುದ್ಧದಲ್ಲಿ ಸೋತು ಸುಣ್ಣ ಆಗಿದ್ದ ನರಾನ್ಹೋಗೆ 682ರಲ್ಲಿ ದೂರದ ದೋಸ್ ಪಿಲಾಸ್‌ನಿಂದ ಒಬ್ಬ ರಾಜಕುಮಾರಿ ಬಂದು ಮನೆತನನ ಮತ್ತೆ ಎತ್ತಿ ನಿಲ್ಸಿದ್ಲು, 693ರಲ್ಲಿ 5 ವರ್ಷದ ಈ ಹುಡುಗನನ್ನ ಪಟ್ಟಕ್ಕೆ ಕೂರಿಸಿದ್ರು. ಅಂಥ ರಾಜನಿಗೆ ಸುತ್ತಮುತ್ತಲ ಸಣ್ಣ ಪುಟ್ಟ ಮನೆತನಗಳ ನಂಟು ಉಸಿರಾಡೋಷ್ಟೇ ಮುಖ್ಯ. ಸೈನ್ಯ ಕಳ್ಸಿದ್ರೆ ಒಂದು ಸಲ ಕೆಲಸ ಆಗುತ್ತೆ, ತನ್ನ ಹೆಸರಿರೋ ಲೋಟ ಕಳ್ಸಿದ್ರೆ ಪ್ರತಿ ಹಬ್ಬಕ್ಕೂ ಅದು ಹೊರಗೆ ಬರುತ್ತೆ, ಬಂದವರೆಲ್ಲ "ಇದು ರಾಜರ ಮನೆಯಿಂದ ಬಂದದ್ದು" ಅಂತ ಮಾತಾಡ್ತಾರೆ.

ಅದರ ಮೇಲಿನ ಚಿತ್ರ ನೋಡಿ: ಜೋಳದ ದೇವರು ಕುಣೀತಿದ್ದಾನೆ, ಯುವಕ, ಚೆಲುವ, ಬೆನ್ನ ಮೇಲೆ ಗರಿಗಳ ದೊಡ್ಡ ಚೌಕಟ್ಟು, ಪಕ್ಕದಲ್ಲಿ ಒಬ್ಬ ಕುಳ್ಳ. ಹೋಲ್ಮುಲ್ ಅನ್ನೋ ಊರಲ್ಲಿ ಮೊದಲು ಸಿಕ್ಕಿದ್ದರಿಂದ ಇದಕ್ಕೆ ಹೋಲ್ಮುಲ್ ನರ್ತಕ ಅಂತ ಹೆಸರು ಬಂತು, ನರಾನ್ಹೋ ಸುತ್ತಮುತ್ತ ಈ ಚಿತ್ರ ತುಂಬಾ ಸಿಗುತ್ತೆ. ಬೆನ್ನ ಮೇಲಿನ ಚೌಕಟ್ಟಿನೊಳಗೆ ಬೆಟ್ಟದ ಗುರುತು, ಅದರ ಮೇಲೆ ಒಂದು ಪ್ರಾಣಿ, ಕೆಲವು ಪಾತ್ರೆಗಳಲ್ಲಿ ಪಕ್ಕದಲ್ಲೇ ತಿಕಾಲ್, ಹಾವಿನ ರಾಜ್ಯ ಥರದ ದೊಡ್ಡ ರಾಜಮನೆತನಗಳ ಹೆಸರೂ ಬರುತ್ತೆ. ಅಂದ್ರೆ ಜೋಳದ ದೇವರು ಬರೀ ಬೆಳೆ ದೇವರಲ್ಲ, ಅವನ ಬೆನ್ನ ಮೇಲೆ ಆ ಕಾಲದ ರಾಜಕೀಯ ಭೂಪಟನೇ ಇದೆ. ದೇವರ ಚಿತ್ರನಾ, ನೆಂಟರ ಚಿತ್ರನಾ ಅಂತ ನೀವು ಕೇಳಿದ್ರೆ ನಾನು ಎರಡನ್ನೂ ಬೇರೆ ಮಾಡೋಕೆ ಹೋಗಲ್ಲ, ಅವರೇ ಮಾಡಿಲ್ಲ.

ಯುವಕ ಅಂತ ಯಾಕೆ ಒತ್ತಿ ಹೇಳ್ದೆ ಅಂದ್ರೆ, ಎಷ್ಟೋ ಲೋಟಗಳ ಯಜಮಾನನ ಹೆಸರಿನ ಜೊತೆ ಚೋಕ್ ಅನ್ನೋ ಪದ ಬರುತ್ತೆ. ಚೋಕ್ ಅಂದ್ರೆ ಚಿಗುರು, ಎಳೆ ವಯಸ್ಸಿನವನು. ಪಟ್ಟಕ್ಕೆ ಬರದ ರಾಜಕುಮಾರರು, ದೊಡ್ಡ ಮನೆಯ ಹುಡುಗರು. ಈ ಪಾತ್ರೆಗಳಲ್ಲಿ ಬಹಳಷ್ಟು ಹುಡುಗರು ದೊಡ್ಡವರ ಪಂಕ್ತಿಗೆ ಸೇರೋ ಘಟ್ಟಕ್ಕೆ ಸಂಬಂಧಪಟ್ಟಿವೆ ಅಂತ ಹ್ಯೂಸ್ಟನ್ ವಾದ ಮಾಡ್ತಾರೆ, ನನಗೆ ಅದು ಒಪ್ಪಿಗೆ ಆಗುತ್ತೆ. ಹಾಗೆ ನೋಡಿದ್ರೆ ಚೆಂಡಾಟ, ಬೇಟೆ, ಜೋಳದ ಚೆಲುವ ದೇವರು, ಪಾತಾಳದ ದೇವರುಗಳನ್ನ ಬುದ್ಧಿವಂತಿಕೆಯಿಂದ ಸೋಲ್ಸೋ ಅವಳಿ ಹುಡುಗರು, ಇವೆಲ್ಲಾ ಯಾಕೆ ಇಷ್ಟು ಸಲ ಬರುತ್ತೆ ಅನ್ನೋದೂ ಅರ್ಥ ಆಗುತ್ತೆ. ಹದಿನೆಂಟು ವರ್ಷದ ಹುಡುಗನ ಕೈಯಲ್ಲಿ ಇರೋ ಲೋಟದ ಮೇಲೆ ಅವನು ಹೇಗೆ ಆಗ್ಬೇಕೋ ಅದೇ ಚಿತ್ರ. ಈ ಅವಳಿಗಳ ಕಥೆ 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಅನ್ನೋ ಪಾದ್ರಿ ಪ್ರತಿ ಮಾಡಿಟ್ಟ, ಮಾಯಾ ಜನರ ಪುರಾಣದ ಪುಸ್ತಕ ಪೊಪೊಲ್ ವುಹ್‌ನಲ್ಲೂ ಇದೆ, ಆದ್ರೆ ಸಾವಿರ ವರ್ಷದ ಅಂತರ ಇದೆ, ಪ್ರತಿ ಲೋಟನೂ ಆ ಪುಸ್ತಕದ ಚಿತ್ರ ಅಂತ ಓದೋದು ತಪ್ಪಾಗುತ್ತೆ.

ಈಗ ನಿಮ್ಮ ಕುಣಿಯೋ ಅಸ್ಥಿಪಂಜರಕ್ಕೆ ಬರೋಣ, ಯಾಕಂದ್ರೆ ಅದರ ಕಥೆ ಇನ್ನೂ ಚೆನ್ನಾಗಿದೆ. 1962ರಲ್ಲಿ ಗ್ವಾಟೆಮಾಲಾದ ಅಲ್ತಾರ್ ದೆ ಸಾಕ್ರಿಫಿಸಿಯೋಸ್ ಅನ್ನೋ ಊರಲ್ಲಿ ಒಂದು ಅದ್ಭುತ ಲೋಟ ಸಿಕ್ತು, 754ನೇ ಇಸವಿಗೆ ಸರಿಹೋಗೋ ತಾರೀಖು ಅದರ ಮೇಲೆ ಇದೆ. 6 ವಿಚಿತ್ರ ಆಕೃತಿಗಳು, ಜಾಗ್ವಾರ್ ಅನ್ನೋ ಅಲ್ಲಿನ ಚಿರತೆಯ ಚರ್ಮದವನು, ಹಾವು ಹಿಡಿದವನು, ಹೀಗೆ. ರಿಚರ್ಡ್ ಆಡಮ್ಸ್ ಅವರು ಇದು ಒಂದು ಸಾವಿನ ವಿಧಿಗೆ ಬೇರೆ ಬೇರೆ ಊರಿನಿಂದ ಬಂದ ಅತಿಥಿಗಳ ಚಿತ್ರ ಅಂದ್ರು, ವೇಷ ಹಾಕಿದ ಮನುಷ್ಯರು ಅಂತ. 1989ರಲ್ಲಿ ಹ್ಯೂಸ್ಟನ್, ಸ್ಟುವರ್ಟ್ ಒಂದು ಕಡೆ, ಗ್ರೂಬೆ ಇನ್ನೊಂದು ಕಡೆ, ಇಂಥ ಆಕೃತಿಗಳ ಪಕ್ಕದಲ್ಲಿ ಬರೋ ಒಂದು ಚಿಹ್ನೆನ ವಾಯ್ ಅಂತ ಓದಿದ್ರು. ನಿದ್ದೆ, ಕನಸು ಅನ್ನೋ ಅರ್ಥದ ಪದಕ್ಕೆ ಸೇರಿದ್ದು ಅದು. ಪ್ರತಿ ಆಕೃತಿಗೂ ಹೆಸರಿದೆ, ಹೆಸರಿನ ಮುಂದೆ "ಇಂಥ ಊರಿನ ಒಡೆಯನ ವಾಯ್" ಅಂತ ಇದೆ. ನಿದ್ದೆಯಲ್ಲಿ ಹೊರಗೆ ಹೋಗಿ ಓಡಾಡೋ ಇನ್ನೊಂದು ರೂಪ, ಜೊತೆ ಜೀವ, ಅಂತ ಮೊದಲು ಅರ್ಥ ಮಾಡಿದ್ರು. ಆಮೇಲೆ ಸ್ಟುವರ್ಟ್ ಇನ್ನೂ ಕರಾಳವಾದ ಅರ್ಥ ಹೇಳಿದ್ರು: ಇವು ರಾಜರು ಕಳ್ಸೋ ಮಾಟದ ಶಕ್ತಿಗಳು, ಕೆಲವಕ್ಕೆ ರೋಗದ ಹೆಸರುಗಳಿವೆ ಅಂತ.

ಒಂದು ಹಬ್ಬದೂಟದಲ್ಲಿ ಇಂಥ ಲೋಟ ಮುಂದೆ ಬಂದ್ರೆ ಹೇಗಿರುತ್ತೆ ಅಂತ ಕಲ್ಪನೆ ಮಾಡ್ಕೊಳ್ಳಿ. ಊರೂರಿನ ರಾಜರ ಶಕ್ತಿಗಳು ಸಾಲಾಗಿ ಕುಣೀತಿವೆ, ಪ್ರತಿಯೊಂದಕ್ಕೂ ಮನೆತನದ ಗುರುತು. ಕೂತಿರೋ ಅತಿಥಿ ತನ್ನ ಊರಿನದ್ದು ಎಲ್ಲಿದೆ ಅಂತ ಹುಡುಕ್ತಾನೆ, ಪಕ್ಕದವನದ್ದು ಎಂಥದ್ದು ಅಂತ ನೋಡ್ತಾನೆ. ನಗು, ಹೆದರಿಕೆ, ಕೆಣಕೋದು ಎಲ್ಲಾ ಒಟ್ಟಿಗೆ. ಅದು ಪಾತಾಳದ ಚಿತ್ರ ಅನ್ನೋದಕ್ಕಿಂತ ಯಾರಿಗೆ ಎಷ್ಟು ಬಲ ಇದೆ ಅನ್ನೋ ಮಾತು. ಆಡಮ್ಸ್ ಹೇಳಿದ್ದು ಅಕ್ಷರಶಃ ತಪ್ಪಾದ್ರೂ, ಊರೂರುಗಳ ಸಂಬಂಧನೇ ಆ ಚಿತ್ರದ ವಿಷ್ಯ ಅನ್ನೋ ಅವರ ಅಂದಾಜು ಸರಿಯಾಗಿತ್ತು ಅಂತ ನನಗೆ ಯಾವಾಗ್ಲೂ ಅನ್ಸುತ್ತೆ.

ಆ ಹೊಟ್ಟೆ ರಾಜ ಬಹುಶಃ ಗ್ವಾಟೆಮಾಲಾದ ಪೆಟೆನ್ ಇತ್ಸಾ ಕೆರೆ ಹತ್ರದ ಮೊತುಲ್ ದೆ ಸಾನ್ ಹೊಸೆಯ ರಾಜ ಯಹಾವ್ತೆ ಕಿನಿಚ್ ಇರ್ಬಹುದು, ಸಂಶೋಧಕರು ಅವನಿಗೆ ದಪ್ಪ ನಾಯಕ ಅನ್ನೋ ಅಡ್ಡಹೆಸರು ಇಟ್ಟಿದ್ರು. 8ನೇ ಶತಮಾನದ ಈ ಆಸ್ಥಾನದ ಲೋಟಗಳು ಗುಲಾಬಿ ಬಣ್ಣದ ಅಕ್ಷರ ನೋಡಿದ್ರೇ ಗೊತ್ತಾಗುತ್ತೆ, ಈಕ್ ಶೈಲಿ ಅಂತಾರೆ. ರಾಜ ದೇವರ ಮುಖವಾಡ ಹಾಕಿ ಕುಣೀತಿರ್ತಾನೆ, ಆದ್ರೆ ಚಿತ್ರಗಾರ ಮುಖವಾಡನ ಅಡ್ಡ ಕತ್ತರಿಸಿದ ಹಾಗೆ ಬರೆದು ಒಳಗಿರೋ ಅವನ ನಿಜ ಮುಖನೂ ತೋರಿಸ್ತಾನೆ. ನನಗೆ ಇಡೀ ಮಾಯಾ ಕಲೆಯಲ್ಲಿ ಇಷ್ಟ ಆಗೋ ವಿಷ್ಯ ಇದು. ಕುಣಿಯೋದು ದೇವರೇ, ಆದ್ರೆ ಯಾರು ಕುಣೀತಿರೋದು ಅಂತ ನೋಡೋರಿಗೆ ಗೊತ್ತಾಗ್ಲೇಬೇಕು. ಹೊಟ್ಟೆನೂ ಮುಚ್ಚಿಟ್ಟಿಲ್ಲ, ಅವನನ್ನ ನೋಡಿದವರಿಗೆ ತಕ್ಷಣ ಗುರುತು ಸಿಗ್ಬೇಕಲ್ಲ. ಅಲ್ತಾರ್ ಲೋಟನೂ ಇದೇ ಶೈಲಿದು, ಸಿಕ್ಕಿದ್ದು ಮಾತ್ರ ಪಶ್ಚಿಮಕ್ಕೆ ದೂರದ ನದಿ ದಡದಲ್ಲಿ. ಡೋರಿ ರೀಂಟ್ಸ್-ಬುಡೆ, ರೊನಾಲ್ಡ್ ಬಿಷಪ್ ಇವರು ಮಣ್ಣಿನ ರಾಸಾಯನಿಕ ಗುರುತು ಹಿಡಿದು ಯಾವ ಶೈಲಿ ಯಾವ ಪ್ರದೇಶದ ಮಣ್ಣಿನದ್ದು ಅಂತ ವರ್ಷಗಟ್ಟಲೆ ಕೆಲಸ ಮಾಡಿದ್ದರಿಂದಲೇ ಪಾತ್ರೆಗಳ ಈ ಓಡಾಟನ ನಾವು ಹಿಂಬಾಲಿಸೋಕೆ ಆಗ್ತಿರೋದು.

ಬರೆದವರು ಯಾರು? ಕೆಲವರು ಸಹಿ ಮಾಡಿದ್ದಾರೆ. ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಜೋಳದ ದೇವರು ಕುಣಿಯೋ ಒಂದು ಲೋಟ ಇದೆ, 750 ರಿಂದ 800ರ ಒಳಗಿನದ್ದು, ಬರೆದವನು ಆಹ್ ಮಾಕ್ಸಾಮ್, ನರಾನ್ಹೋ ರಾಜಮನೆತನದವನೇ. ಅಲ್ಲಿ ಕುಂಬಾರಿಕೆ ಚಕ್ರ ಇರ್ಲಿಲ್ಲ, ಕೈಯಲ್ಲೇ ಸುರುಳಿ ಸುತ್ತಿ ಎತ್ತಿದ ಪಾತ್ರೆ, ಬಣ್ಣದ ಮಣ್ಣನ್ನ ನೀರಲ್ಲಿ ಕದಡಿ ಬರೆದು ಕಮ್ಮಿ ಬಿಸಿಯಲ್ಲಿ ಸುಟ್ಟದ್ದು. ಮಣ್ಣಿಗೆ ಬೆಲೆ ಏನೂ ಇಲ್ಲ. ಚಿನ್ನ ಅಲ್ಲ, ಹಸಿರು ಜೇಡ್ ಕಲ್ಲೂ ಅಲ್ಲ. ಬೆಲೆ ಇದ್ದಿದ್ದು ಕೈಗೆ, ಅಕ್ಷರಕ್ಕೆ. ರಾಜನ ಮನೆಯ ಮಗನೇ ಕೂತು ಬರೆದ ಲೋಟ ಅಂದ್ರೆ ಅದನ್ನ ಸಂತೆಯಲ್ಲಿ ಕೊಂಡುಕೊಳ್ಳೋಕೆ ಆಗಲ್ಲ, ಕೊಟ್ರೆ ಮಾತ್ರ ಸಿಗೋದು.

ಮಾಯಾ ಒಂದರಲ್ಲೇ ಹೀಗಾ ಅಂದ್ರೆ ಅಲ್ಲ, ಬೇರು ತುಂಬಾ ಆಳಕ್ಕಿದೆ. ಮೆಕ್ಸಿಕೋದ ಚಿಯಾಪಾಸ್‌ನ ಪೆಸಿಫಿಕ್ ಕರಾವಳಿಯಲ್ಲಿ ಕ್ರಿ.ಪೂ. 1900ರ ಆಸುಪಾಸಿನ ಪಾತ್ರೆಗಳು ಸಿಕ್ಕಿವೆ, ಮೆಸೋಅಮೆರಿಕದ, ಅಂದ್ರೆ ಮೆಕ್ಸಿಕೋ ಮತ್ತು ಅದರ ಕೆಳಗಿನ ದೇಶಗಳ, ಅತಿ ಹಳೇ ಮಡಿಕೆಗಳಲ್ಲಿ ಅವು ಸೇರುತ್ತವೆ, ಬಾರ್ರಾ ಹಂತ ಅಂತಾರೆ. ಮೊದಲ ಮಡಿಕೆ ಅಂದ್ರೆ ಒರಟಾಗಿ, ಅಡುಗೆಗೆ ಮಾಡಿದ್ದು ಇರ್ಬೇಕು ಅಂತ ಯಾರಾದ್ರೂ ಅನ್ಕೋತಾರೆ. ಆದ್ರೆ ಇವು ತೆಳು, ನುಣುಪು, ಸೋರೆ ಬುರುಡೆ ಆಕಾರ, ಮೇಲೆ ಗೆರೆ, ಬಣ್ಣ, ಹೊಳಪು. ಅಡುಗೆಗಲ್ಲ, ಪಾನೀಯ ಬಡಿಸೋಕೆ ಮಾಡಿದ್ದು ಅಂತ ಜಾನ್ ಕ್ಲಾರ್ಕ್, ಮೈಕಲ್ ಬ್ಲೇಕ್ ಹೇಳ್ತಾರೆ, ಊರಲ್ಲಿ ಹೆಸರು ಮಾಡ್ಬೇಕು ಅನ್ನೋರು ಊಟ ಹಾಕಿ, ಕುಡಿಸಿ ಜನ ಕಟ್ಕೊಳ್ತಿದ್ರು ಅಂತ. ಆ ಕಾಲದ ಪಾತ್ರೆಯಲ್ಲೂ ಕೊಕ್ಕೋ ಅಂಶ ಪತ್ತೆ ಆಗಿದೆ. ಅಂದ್ರೆ ಆ ಕರಾವಳಿಯಲ್ಲಿ ಮಡಿಕೆ ಹುಟ್ಟಿದ್ದೇ ಬಡಿಸೋಕೆ.

ಆಮೇಲೆ ಮೆಕ್ಸಿಕೋದ ವಹಾಕಾ ಕಣಿವೆಯ ಸಾನ್ ಹೊಸೆ ಮೊಗೊಟೆ, ಕ್ರಿ.ಪೂ. 1150ರಿಂದ 850ರ ಕಾಲ. ಇಲ್ಲಿ ಕೆಂಟ್ ಫ್ಲಾನರಿ, ಜಾಯ್ಸ್ ಮಾರ್ಕಸ್ ಅಗೆದಾಗ ಬೂದು, ಕಪ್ಪು ಬಟ್ಟಲುಗಳ ಮೇಲೆ ಕೊರೆದ ಎರಡು ಥರದ ಚಿಹ್ನೆ ಸಿಕ್ಕವು. ಒಂದು, ಹುಬ್ಬಿನಿಂದ ಬೆಂಕಿ ಏಳ್ತಿರೋ ಸರ್ಪ, ಅದು ಆಕಾಶ, ಸಿಡಿಲು. ಇನ್ನೊಂದು, ನೆತ್ತಿ ಸೀಳಿದ ಮುಖ, ಅದು ಭೂಮಿ, ಭೂಕಂಪ. ಒಂದು ಕೇರಿಯ ಮನೆಗಳಲ್ಲಿ ಹೆಚ್ಚಾಗಿ ಒಂದು ಗುರುತು, ಇನ್ನೊಂದು ಕೇರಿಯಲ್ಲಿ ಇನ್ನೊಂದು. ಸಮಾಧಿಗಳಲ್ಲಿ ಇವು ಗಂಡಸರ ಜೊತೆ, ಎಳೆ ಮಕ್ಕಳ ಜೊತೆ ಇದ್ದವು. ಈ ಎಳೆ ಮಕ್ಕಳ ವಿಷ್ಯನೇ ಮುಖ್ಯ. ಹಾಲು ಕುಡಿಯೋ ಮಗು ಸಾಧನೆ ಮಾಡಿ ಆ ಗುರುತು ಸಂಪಾದ್ಸೋಕೆ ಆಗಲ್ಲ, ಹಾಗಿದ್ರೆ ಅದು ಹುಟ್ಟಿನಿಂದ, ವಂಶದಿಂದ ಬಂದ ಗುರುತು. ಹಾಗಂತ ಅವರ ವಾದ, ನನಗೆ ಅದು ಬಲವಾಗೇ ಕಾಣುತ್ತೆ. ಇದೇ ಚಿಹ್ನೆಗಳು ಮೆಕ್ಸಿಕೋ ಕೊಲ್ಲಿ ಕರಾವಳಿಯ ಒಲ್ಮೆಕ್ ಜನರ ಸಾನ್ ಲೊರೆನ್ಸೊ ಊರಿನಿಂದ ಹೊರಟಿದ್ದಾ ಅನ್ನೋದಕ್ಕೆ ದೊಡ್ಡ ಜಗಳನೇ ಇದೆ, 2005ರಲ್ಲಿ ಜೆಫ್ರಿ ಬ್ಲಾಮ್‌ಸ್ಟರ್ ತಂಡ ಮಣ್ಣಿನ ಪರೀಕ್ಷೆ ಮಾಡಿ ಪಾತ್ರೆಗಳು ಸಾನ್ ಲೊರೆನ್ಸೊದಿಂದ ಹೊರಗೆ ಹೋಗಿವೆ, ಅಲ್ಲಿಗೆ ಯಾವುದೂ ಬಂದಿಲ್ಲ ಅಂತ ಬರೆದ್ರು, ಅದೇ ವರ್ಷ ಫ್ಲಾನರಿ, ಮಾರ್ಕಸ್ ಇದ್ದ ಇನ್ನೊಂದು ತಂಡ ಪಾತ್ರೆಯ ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಇಲ್ಲ, ಎರಡೂ ಕಡೆ ಓಡಾಟ ಇತ್ತು ಅಂದ್ರು. ನನಗೆ ಎರಡನೇ ಕಡೆಗೇ ಒಲವು, ಯಾಕಂದ್ರೆ ಕೊಡೋದು ಒಂದೇ ದಿಕ್ಕಲ್ಲಿ ನಡೆಯೋ ಸಮಾಜನ ನಾನು ಈ ಪ್ರದೇಶದಲ್ಲಿ ಬೇರೆಲ್ಲೂ ನೋಡಿಲ್ಲ.

ಪರವೂರಿನ ಚಿಹ್ನೆ ತಂದು ತಮ್ಮ ಪಾತ್ರೆ ಮೇಲೆ ಹಾಕ್ಕೊಳ್ಳೋದಕ್ಕೆ ತಿಕಾಲ್ ಚೆನ್ನಾದ ಉದಾಹರಣೆ. 378ರಲ್ಲಿ ಮಧ್ಯ ಮೆಕ್ಸಿಕೋದ ದೊಡ್ಡ ನಗರ ತಿಯೋತಿವಾಕಾನ್ ನಂಟಿನ ಸಿಹ್ಯಾಹ್ ಕಾಕ್ ಅನ್ನೋನು ಅಲ್ಲಿಗೆ ಬಂದ, ಹಳೇ ರಾಜ ಅದೇ ದಿನ ಸತ್ತ, ಮುಂದಿನ ವರ್ಷ ಯಾಶ್ ನೂನ್ ಅಹೀನ್ ಪಟ್ಟಕ್ಕೆ ಬಂದ. ಅವನ ಸಮಾಧಿಯಲ್ಲಿ ಮೂರು ಕಾಲಿನ, ಮುಚ್ಚಳ ಇರೋ, ಗಾರೆ ಬಳಿದು ಬಣ್ಣ ಹಾಕಿದ ಪಾತ್ರೆಗಳು ಸಿಕ್ಕವು, ಕಣ್ಣಿಗೆ ಕನ್ನಡಕದಂಥ ಉಂಗುರ ಇರೋ ಮಳೆ ದೇವರ ಮುಖದ ಜೊತೆ. ತಿಕಾಲ್‌ನದೇ ಇನ್ನೊಂದು ಪಾತ್ರೆಯಲ್ಲಿ ಈಟಿ ಹಿಡಿದ ತಿಯೋತಿವಾಕಾನ್ ಜನ ಸಾಲಾಗಿ ನಡ್ಕೊಂಡು ಬರ್ತಿದ್ದಾರೆ, ಅವರಲ್ಲಿ ಹಿಂದಿನವರ ಕೈಯಲ್ಲಿ ಅಂಥದ್ದೇ ಮುಚ್ಚಳದ ಪಾತ್ರೆ! ಆಯುಧ ಮುಂದೆ, ಪಾತ್ರೆ ಹಿಂದೆ. ಮೆರವಣಿಗೆ ಅಂದ್ರೆ ಹೇಗಿತ್ತು ಅಂತ ಆ ಕುಂಬಾರನೇ ಹೇಳ್ಬಿಟ್ಟಿದ್ದಾನೆ.

ಸಾಮಾನ್ಯ ಜನರ ಬಗ್ಗೆ ಕೇಳಿದ್ರಿ, ಅದಕ್ಕೆ ಎಲ್ ಸಾಲ್ವಡಾರ್‌ನ ಹೋಯಾ ದೆ ಸೆರೆನ್‌ಗೆ ಹೋಗ್ಬೇಕು. ಸುಮಾರು 1,400 ವರ್ಷದ ಹಿಂದೆ ಪಕ್ಕದ ಲೋಮಾ ಕಾಲ್ದೆರಾ ಜ್ವಾಲಾಮುಖಿ ಸಿಡಿದು ಒಂದು ರೈತರ ಹಳ್ಳಿ ಬೂದಿಯಡಿ ಹೂತೋಯ್ತು, ಜನ ಓಡಿಹೋದ್ರು, ಪಾತ್ರೆ ಪಡಗ ಎಲ್ಲಾ ಹಾಗೇ ಉಳೀತು. 1976ರಲ್ಲಿ ಬುಲ್ಡೋಜರ್ ಕೆಲಸದಲ್ಲಿ ಬೆಳಕಿಗೆ ಬಂತು, ಪೇಸನ್ ಶೀಟ್ಸ್ ಅಗೆತ ಮಾಡಿದ್ರು. ಜೋಳ, ಮರಗೆಣಸು ಬೆಳೀತಿದ್ದ ಈ ಮನೆಗಳಲ್ಲೂ ಬಣ್ಣ ಬಣ್ಣದ ಪಾತ್ರೆ ಇತ್ತು, ಕೊಪಾದೊರ್ ಅಂತಾರೆ, ಹೊಂಡುರಾಸ್‌ನ ಕೊಪಾನ್ ಅನ್ನೋ ಮಾಯಾ ಊರಿನ ಕಡೆಯದ್ದು, ಜೊತೆಗೆ ಬಣ್ಣ ಬಳಿದ ಸೋರೆ ಬುರುಡೆಗಳೂ ಇದ್ದವು. ಅಂದ್ರೆ ಬಣ್ಣದ ಪಾತ್ರೆ ರಾಜರ ಸ್ವತ್ತು ಮಾತ್ರ ಅಲ್ಲ. ಕೊಪಾದೊರ್ ಪಾತ್ರೆಗಳ ಅಂಚಲ್ಲೂ ಅಕ್ಷರದ ಸಾಲಿದೆ, ಆದ್ರೆ ಓದೋಕೆ ಹೋದ್ರೆ ಏನೂ ಹೇಳಲ್ಲ, ಅಕ್ಷರದ ಹಾಗೆ ಕಾಣೋ ಗೆರೆಗಳು. ಇದನ್ನ ಕೆಲವರು "ನಕಲಿ ಲಿಪಿ" ಅಂತ ಕೀಳಾಗಿ ಮಾತಾಡ್ತಾರೆ, ನನಗೆ ಅದು ಕೇಳಿದ್ರೆ ಬೇಜಾರಾಗುತ್ತೆ. ಓದೋಕೆ ಬರದವರ ಮನೆಯಲ್ಲೂ ಹಬ್ಬದ ಪಾತ್ರೆ ಅಂದ್ರೆ ಅಂಚಲ್ಲಿ ಅಕ್ಷರ ಇರ್ಬೇಕು ಅನ್ನೋ ರೂಢಿ ಇತ್ತು ಅಂತ ಆಯ್ತು. ಏನು ಬರೆದಿದೆ ಅನ್ನೋದು ಅವರಿಗೆ ಬೇಕಿರ್ಲಿಲ್ಲ, ಬರೆದಿದೆ ಅನ್ನೋದು ಬೇಕಿತ್ತು. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, ಅಕ್ಷರ ಬಿಡಿಸಿ ಓದೋರು ಬಹಳ ಕಮ್ಮಿ ಇದ್ರು, ಆದ್ರೆ ಜೋಳದ ದೇವರ ಹಣೆ, ಚಿರತೆ ಮಚ್ಚೆ, ಅಂಚಿನ ಬರಹ, ಇವುಗಳ ಮರ್ಯಾದೆ ಏನು ಅಂತ ಊಟಕ್ಕೆ ಕೂತ ಯಾರಿಗಾದ್ರೂ ಗೊತ್ತಾಗ್ತಿತ್ತು.

ಸಾವಿನ ಸಂಬಂಧ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಬದುಕಲ್ಲಿ ಬಳಸಿದ ತಟ್ಟೆನ ಸಮಾಧಿಯಲ್ಲಿ ಇಡುವಾಗ ನಟ್ಟನಡುವೆ ಒಂದು ತೂತು ಹೊಡೆದಿರೋದು ತುಂಬಾ ಸಿಗುತ್ತೆ, ಕೆಲವು ಕಡೆ ಅದನ್ನ ಸತ್ತವರ ತಲೆ ಮೇಲೆ ಬೋರಲು ಹಾಕಿರ್ತಾರೆ. ಬಾಸ್ಟನ್ ಮ್ಯೂಸಿಯಮ್‌ನಲ್ಲಿರೋ ಒಂದು ತಟ್ಟೆಯಲ್ಲಿ ಒಡೆದ ಆಮೆ ಚಿಪ್ಪಿನಿಂದ ಜೋಳದ ದೇವರು ಮೇಲೆ ಬರ್ತಿದ್ದಾನೆ, ಅವಳಿಗಳು ಎರಡೂ ಕಡೆ ನಿಂತಿದ್ದಾರೆ. ಆ ಚಿತ್ರ ಊಟದಲ್ಲೂ ಸರಿ, ಸಾವಲ್ಲೂ ಸರಿ. ಒಂದೇ ಚಿತ್ರ ಎರಡು ಜಾಗದಲ್ಲಿ ಎರಡು ಮಾತು ಆಡುತ್ತೆ.

ಒಂದು ವಿಷ್ಯ ಹೇಳದೇ ಇರೋಕೆ ಆಗಲ್ಲ. ಮ್ಯೂಸಿಯಮ್‌ಗಳಲ್ಲಿ, ಖಾಸಗಿಯವರ ಹತ್ರ ಇರೋ ಮಾಯಾ ಲೋಟಗಳಲ್ಲಿ ಬಹುಪಾಲು ಲೂಟಿ ಆದದ್ದು. ಕಳ್ಳರು ಸಮಾಧಿ ಅಗೆದು ಲೋಟ ಮಾತ್ರ ಎತ್ಕೊಂಡು ಮೂಳೆನ ಆಚೆ ಬಿಸಾಡಿ ಹೋಗ್ತಿದ್ರು. 1970ರಲ್ಲಿ ಯುನೆಸ್ಕೋ ಒಪ್ಪಂದ ಬಂತು, 1991ರಲ್ಲಿ ಅಮೆರಿಕ ಗ್ವಾಟೆಮಾಲಾದ ಪೆಟೆನ್ ಪ್ರದೇಶದ ವಸ್ತುಗಳ ಆಮದಿಗೆ ತುರ್ತು ನಿರ್ಬಂಧ ಹಾಕ್ತು, ಅಷ್ಟರಲ್ಲಿ ತುಂಬಾ ಹೋಗಿಬಿಟ್ಟಿತ್ತು. ಮಾರೋಕೆ ಚೆನ್ನಾಗಿ ಕಾಣ್ಲಿ ಅಂತ ಮಾಸಿದ ಕಡೆ ಹೊಸ ಬಣ್ಣ ತುಂಬಿದ್ದೂ ಇದೆ. ಇದು ನನಗೆ ನಿಜಕ್ಕೂ ಹೊಟ್ಟೆ ಉರಿಸೋ ವಿಷ್ಯ. ಜಾನ್ಸಿ ಲೋಟ ಅಗೆತದಲ್ಲಿ ಸಿಕ್ಕಿಲ್ಲದೇ ಮಾರ್ಕೆಟ್‌ನಲ್ಲಿ ಸಿಕ್ಕಿದ್ರೆ ನರಾನ್ಹೋ ರಾಜನ ಲೋಟ ಅಂತ ಮಾತ್ರ ಗೊತ್ತಾಗ್ತಿತ್ತು, ಗಡಿ ಊರಿನ ಆ ಹುಡುಗ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ರಾಜ ಯಾರಿಗೆ ಕೊಟ್ಟ ಅನ್ನೋ ಅರ್ಧ ಕಥೆ ಆ ಮೂಳೆಯಲ್ಲಿತ್ತು.

ಮುಂದಿನ ಸಲ ಹೋದಾಗ ಮೊದಲು ಲೇಬಲ್‌ನಲ್ಲಿ ಎಲ್ಲಿ ಸಿಕ್ಕಿದ್ದು ಅಂತ ಬರೆದಿದೆಯಾ ನೋಡಿ. ಎಷ್ಟೋ ಕಡೆ "ಗ್ವಾಟೆಮಾಲಾ ಅಥವಾ ಮೆಕ್ಸಿಕೋ" ಅಂತ ಇರುತ್ತೆ, ಅದರ ಅರ್ಥ ಏನು ಅಂತ ಈಗ ನಿಮಗೆ ಗೊತ್ತು. ಆಮೇಲೆ ಅಂಚಿನ ಸಾಲಲ್ಲಿ ಮೀನಿನ ಆಕಾರದ ಅಕ್ಷರ ಹುಡುಕಿ, ಪಕ್ಕದಲ್ಲಿ ಕೆಲವೊಮ್ಮೆ ಬಾಚಣಿಗೆ ಥರದ ಮೀನಿನ ರೆಕ್ಕೆ ಚಿಹ್ನೆ ಇರುತ್ತೆ. ಅದು ಕ ಅನ್ನೋ ಅಕ್ಷರ. ಅದು ಸಿಕ್ಕಿದ್ರೆ ಕಾಕಾವ್ ಅನ್ನೋ ಪದದ ಮೇಲೆ ನಿಮ್ಮ ಕಣ್ಣು ಬಿದ್ದಿರೋ ಸಾಧ್ಯತೆ ಜಾಸ್ತಿ. ಮಗಳಿಗೂ ತೋರ್ಸಿ.